ಸಾವೊ ಪೌಲೊ ಸಂತೆಯಲ್ಲಿ ರೈತನೆಲ್ಲಿ?



ಬ್ರೆಜಿಲ್ ದೇಶದ ಸಾವೊ ಪೌಲೊ ಮಹಾನಗರದ ಒಂದು ಬೀದಿಗೆ ನೀವು ಬೆಳಿಗ್ಗೆ ಹೋದಿರೆಂದು ಇಟ್ಟುಕೊಳ್ಳಿ. ನಿನ್ನೆ ಕಾರುಗಳು ಓಡಾಡುತ್ತಿದ್ದ ಬೀದಿಯ ಉದ್ದಕ್ಕೂ ಇಂದು ಟಾರ್ಪಾಲಿನ ಸಾಲು. ‘ಫೇರಾ ಲಿವ್ರೆ’ ಎಂಬ ಈ ಬೀದಿ ಸಂತೆಗೆ ಅಲ್ಲಿನ ನಗರಾಡಳಿತವು 1914ರಲ್ಲಿಯೇ ಅಧಿಕೃತ ರೂಪ ಕೊಟ್ಟಿತು. ಈಗ ಇಂಥವು 800ಕ್ಕೂ ಹೆಚ್ಚು ಇವೆ. ಒಂದು ಬೀದಿಗೆ ಸಾಮಾನ್ಯವಾಗಿ ವಾರಕ್ಕೊಂದೇ ದಿನ. ಮಾರುವವನು ಮಾತ್ರ ದಿನಕ್ಕೊಂದು ಬೀದಿ ಸುತ್ತುತ್ತಾನೆ, ಸೋಮವಾರ ರಜೆ.

ಪರದೇಶವೆಂದು ಅನಿಸುವುದೇ ಇಲ್ಲ. ಪರಂಗಿ, ಸೀಬೆ, ಅನಾನಸ್, ಮೆಣಸಿನಕಾಯಿ ನಮ್ಮವೆಂದೇ ತಿಳಿದಿದ್ದೇವಲ್ಲ, ಅವೆಲ್ಲ ಅಮೆರಿಕ ಖಂಡಗಳಿಂದ ನಮ್ಮಲ್ಲಿಗೆ ಬಂದ ಬೆಳೆಗಳು. ಸಂತೆಯಲ್ಲಿ ಎಲ್ಲರೂ ಕುಡಿಯುವ ಕಬ್ಬಿನ ಹಾಲಿನ ಕಬ್ಬು ಏಷ್ಯಾದಿಂದ ಅತ್ತ ಹೋದದ್ದು.

ಮರಗೆಣಸಿನ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕಿತ್ತ ಎರಡು ಮೂರು ದಿನಕ್ಕೆ ಒಳಗೆ ಕಪ್ಪಾಗುವ ಗೆಡ್ಡೆ ಅದು. ಅಲ್ಲಿ ಅದನ್ನು ಅಂಗಡಿಯಲ್ಲಿಯೇ ಸಿಪ್ಪೆ ಸುಲಿದು, ತುಂಡು ಮಾಡಿ, ಚೀಲದಲ್ಲಿ ಹಾಕಿ ಕೊಡುತ್ತಾರೆ. ಪಟ್ಟಣದ ಗೃಹಿಣಿಗೆ ಬೇಕಾದದ್ದು ಗೆಡ್ಡೆಯಲ್ಲ, ಒಲೆಗೆ ಇಡಲು ಸಿದ್ಧವಾದ ತುಂಡು. ಸುಲಿಯುವ ಕೆಲಸಕ್ಕೆ ಒಂದು ಚಾಕು ಸಾಕು. ಬೆಲೆ ಮಾತ್ರ ಹೆಚ್ಚುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ, ಮಾರುತ್ತಿರುವವನು ಬೆಳೆದವನೇ ಎಂದು ಕೇಳಿ ನೋಡಿ. ಬಹುಪಾಲು ಅಲ್ಲ. ‘ಫೇರಾಂಚಿ’ ಎಂಬ ಈ ವ್ಯಾಪಾರಿ ನಗರದ ಸೇಯಾಜೆಸ್ಪಿ ಸಗಟು ಮಾರುಕಟ್ಟೆಯಲ್ಲಿ ಮಾಲು ಕೊಂಡು ತಂದವನು. ಮಧ್ಯಾಹ್ನ ಸಂತೆ ಮುಗಿಯುವ ಹೊತ್ತಿಗೆ ಬೆಲೆ ಇಳಿಯುತ್ತದೆ. ಇದಕ್ಕೆ ‘ಶೇಪಾ’ ಎಂದು ಹೆಸರು. ಬಡವರೂ ಜಾಣ ಗೃಹಿಣಿಯರೂ ಅದಕ್ಕಾಗಿಯೇ ಕಾಯುತ್ತಾರೆ. ಕೊಳ್ಳುವವರಿಗೆ ಒಳ್ಳೆಯದೇ. ಆದರೆ ಇಂದು ಹೀಗೆ ಬಿಟ್ಟುಕೊಟ್ಟ ಹಣವನ್ನು ವ್ಯಾಪಾರಿ ನಾಳೆ ಸಗಟು ಖರೀದಿಯಲ್ಲಿ ಹಿಡಿದುಕೊಳ್ಳದೆ ಇರುತ್ತಾನೆಯೇ? ಅದು ಕೊನೆಗೆ ಬಂದು ಬೀಳುವುದು ಹೊಲದ ಬದುವಿಗೆ ಎಂಬುದು ನನ್ನ ಅನುಮಾನ.

ಹಾಗಾದರೆ ರೈತನೇ ನಿಂತು ಮಾರಲಿ ಎನ್ನುತ್ತೀರಿ. ‘ನೇರ ಮಾರಾಟ ಮಾಡಿ’ ಎಂದು ಹಳ್ಳಿ ಹಳ್ಳಿಗಳಲ್ಲಿ ಭಾಷಣ ಮಾಡಿದವರಲ್ಲಿ ನಾನೂ ಒಬ್ಬ. ವಾರಕ್ಕೆ ಆರು ದಿನ ಬೀದಿಯಲ್ಲಿ ನಿಂತವನ ಸೊಪ್ಪಿಗೆ ನೀರು ಹಾಯಿಸುವವರು ಯಾರು, ಹುಳು ಬಿದ್ದರೆ ನೋಡುವವರು ಯಾರು ಎಂಬುದನ್ನು ಆಗ ನಾನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಅದೇ ನಗರದ ಆಗ್ವಾ ಬ್ರಾಂಕಾ ಉದ್ಯಾನದಲ್ಲಿ 1991ರಿಂದ ಸಾವಯವ ಕೃಷಿಕರ ಸಂತೆ ನಡೆಯುತ್ತಿದೆ. ಅಲ್ಲಿ ಬೆಳೆದವರೇ ಮಾರಾಟಕ್ಕೆ ಬರುತ್ತಾರೆ. ನನ್ನ ದೃಷ್ಟಿಯಲ್ಲಿ ನಮಗೆ ಮಾದರಿ ಅದೇ ಹೊರತು, ಕಣ್ಣಿಗೆ ಹಬ್ಬವಾದ ಆ ಉದ್ದನೆಯ ಬೀದಿಯಲ್ಲ. ನಿಮ್ಮ ಊರಿನ ಐದಾರು ತರಕಾರಿ ಬೆಳೆಗಾರರು ಸೇರಿ ತಾಲ್ಲೂಕು ಸಂತೆಯಲ್ಲಿ ಒಂದೇ ಅಂಗಡಿ ಹೂಡಿ, ಸರದಿಯ ಮೇಲೆ ಒಬ್ಬೊಬ್ಬರು ನಿಲ್ಲುವುದಾದರೆ ಐದಾರು ವಾರಕ್ಕೊಮ್ಮೆ ಮಾತ್ರ ಹೊಲ ಬಿಟ್ಟರಾಯಿತು. ತೂಕದ ಲೆಕ್ಕವನ್ನು ಮೊದಲ ದಿನದಿಂದಲೇ ಪುಸ್ತಕದಲ್ಲಿ ಬರೆದಿಡಿ. ಇಂಥ ಗುಂಪುಗಳು ಒಡೆದದ್ದನ್ನು ನಾನು ಕಂಡಿದ್ದೇನೆ; ಪ್ರತಿ ಸಲವೂ ಜಗಳ ಹುಟ್ಟಿದ್ದು ತಕ್ಕಡಿಯ ಬಳಿಯಲ್ಲಿಯೇ.