ಯಂತ್ರದ ಸದ್ದು ಹಾಲು ಕರೆಯುವವರಿಗೇ ಗೊತ್ತು

ಹಾಲು ಉತ್ಪಾದಕ ತಾಯಂದಿರೇ, ಸಹೋದರಿಯರೇ,

ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಮಿನಿ ಟ್ರ್ಯಾಕ್ಟರ್ ಈಗ ಹೊಸತಲ್ಲ. ಅದರ ಮುಂದೆ ಲೋಡರ್ ಕೂರಿಸಿಕೊಂಡು ಗೊಬ್ಬರ ಎತ್ತುವವರೂ ಇದ್ದಾರೆ. ಲೋಡರ್ ಬಕೆಟ್ ಮೇಲೇಳದಿದ್ದರೆ ಮನೆಯ ಗಂಡಸರು ಏನು ಮಾಡುತ್ತಾರೆ? ಮೊದಲು ಹೈಡ್ರಾಲಿಕ್ ಎಣ್ಣೆ ನೋಡುತ್ತಾರೆ. ಆಮೇಲೆ ಫಿಲ್ಟರ್, ಆಮೇಲೆ ಪೈಪಿನ ಜೋಡಣೆ. ಎತ್ತಿದ ಬಕೆಟ್ ತಾನಾಗಿ ಇಳಿದರೆ ಸಿಲಿಂಡರಿನ ಸೀಲೋ ವಾಲ್ವೋ ಸೋರುತ್ತಿದೆ ಎನ್ನುತ್ತಾರೆ. ಟ್ರ್ಯಾಕ್ಟರಿಗೆ ದೃಷ್ಟಿ ತಗುಲಿದೆ ಎಂದು ಯಾರೂ ಹೇಳುವುದಿಲ್ಲ.

ಅದೇ ಮನೆಯ ಕೊಟ್ಟಿಗೆಯಲ್ಲಿ ಹಾಲು ಕಡಿಮೆಯಾಯಿತು, ಕೆಚ್ಚಲು ಬಾವು ಬಂತು ಎನ್ನಿ. ಹಸುವಿನ ಮೇಲೆ ಅನುಮಾನ, ಮೇವಿನ ಮೇಲೆ ಅನುಮಾನ, ಕೊನೆಗೆ ನಿಮ್ಮ ಕೈಗುಣದ ಮೇಲೂ ಅನುಮಾನ. ಪಕ್ಕದಲ್ಲೇ ಗುರುಗುಟ್ಟುವ ಹಾಲು ಕರೆಯುವ ಯಂತ್ರದ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ನ್ಯಾಮತಿ ಕಡೆಯ ಒಂದು ಮನೆಯಲ್ಲಿ ನಾಲ್ಕು ಹಸು. ಎರಡಕ್ಕೆ ಮತ್ತೆ ಮತ್ತೆ ಕೆಚ್ಚಲು ಬಾವು. ಮೂರು ಸಲ ಹೋಗಿ ಔಷಧಿ ಕೊಟ್ಟು ಬಂದೆ. ಮೂರನೇ ಸಲ ಬೈಕ್ ಹತ್ತುವಾಗ ಆ ತಾಯಿ ಮೆಲ್ಲಗೆ ಹೇಳಿದರು: "ಡಾಕ್ಟ್ರೇ, ಒಂದು ತಿಂಗಳಿಂದ ಮಿಷನ್ ಸದ್ದೇ ಬೇರೆ ಐತೆ. ಹೇಳಿದ್ರೆ ನಿಂಗೇನು ಗೊತ್ತಾಗುತ್ತೆ ಅಂತಾರೆ." ಇಳಿದು ಹೋಗಿ ನೋಡಿದೆ. ಬೇಗ ಮುಗಿಯಲಿ ಎಂದು ಯಾರೋ ನಿರ್ವಾತದ ರೆಗ್ಯುಲೇಟರ್ ಬಿಗಿ ಮಾಡಿದ್ದರು. ಲೈನರ್‌ಗಳು ಯಂತ್ರ ಬಂದಾಗಿನವೇ, ಒಳಗೆ ಬಿರುಕು. ಅವರು ಹೇಳಿದ್ದು ಸರಿಯಾಗಿತ್ತು. ನಾನು ಕೇಳಿರಲಿಲ್ಲ, ಅಷ್ಟೇ.

ಯಂತ್ರದ ಕೆಲಸ ಅರ್ಥವಾಗದಂಥದ್ದಲ್ಲ. ಟ್ರ್ಯಾಕ್ಟರಿನಲ್ಲಿ ಪಂಪು ಎಣ್ಣೆಯನ್ನು ತಳ್ಳುತ್ತದೆ, ಆ ಒತ್ತಡ ಬಕೆಟ್ ಎತ್ತುತ್ತದೆ. ಇಲ್ಲಿ ಪಂಪು ಗಾಳಿಯನ್ನು ಹೊರಗೆ ಎಳೆಯುತ್ತದೆ, ಆ ಸೆಳೆತಕ್ಕೆ ಹಾಲು ಇಳಿಯುತ್ತದೆ. ಎರಡರಲ್ಲೂ ಸೋರಿದರೆ ಬಲ ಹೋಯಿತು. ಆದರೆ ಒಂದು ವ್ಯತ್ಯಾಸವಿದೆ. ಸೆಳೆತ ಒಂದೇ ಸಮನೆ ಇದ್ದರೆ ತೊಟ್ಟಿಗೆ ರಕ್ತ ಇಳಿದು ಬಾತುಕೊಳ್ಳುತ್ತದೆ. ಅದಕ್ಕೇ ಪಲ್ಸೇಟರ್ ಇರುವುದು. ಅದು ಲೈನರನ್ನು ತೆರೆದು ಮುಚ್ಚಿ ತೊಟ್ಟನ್ನು ನೀವುತ್ತದೆ, ಕರು ಚೀಪಿ ಬಿಡುವ ಹಾಗೆ.

ಇಷ್ಟು ತಿಳಿದರೆ ಪರೀಕ್ಷೆ ನೀವೇ ಮಾಡಬಹುದು.

ಮೊದಲು ಮೀಟರ್ ನೋಡಿ. ಸಾಮಾನ್ಯವಾಗಿ ಮುಳ್ಳು 40ರಿಂದ 50 ಕಿಲೋಪ್ಯಾಸ್ಕಲ್, ಇಂಚಿನ ಮೀಟರಾದರೆ 12ರಿಂದ 15ರ ನಡುವೆ ಅಲುಗಾಡದೆ ನಿಲ್ಲಬೇಕು. ನಿಮ್ಮ ಯಂತ್ರದ ಪುಸ್ತಕ ಹೇಳುವ ಅಂಕಿಯನ್ನೇ ಕೊಟ್ಟಿಗೆ ಗೋಡೆಯ ಮೇಲೆ ಬರೆದುಕೊಳ್ಳಿ. ಮುಳ್ಳು ಕೆಳಗಿದ್ದರೆ ಪೈಪಿನ ಬಿರುಕು, ಕ್ಯಾನಿನ ಮುಚ್ಚಳದ ರಬ್ಬರು, ಸಡಿಲವಾದ ಬೆಲ್ಟು, ಪಂಪಿನ ಎಣ್ಣೆ ಇವುಗಳನ್ನು ಒಂದೊಂದಾಗಿ ನೋಡಿ. ವೋಲ್ಟೇಜ್ ಬಿದ್ದರೂ ಮೋಟಾರು ಸೋತು ಸೆಳೆತ ಇಳಿಯುತ್ತದೆ. ಜಗಳೂರು ಕಡೆಯವರು ಯಂತ್ರವನ್ನು ಬೈಯುವ ಮೊದಲು ಇದನ್ನೂ ನೆನೆಯಿರಿ. ಮುಳ್ಳು ಮೇಲಿದ್ದರೆ ಇನ್ನೂ ಅಪಾಯ. ಬೇಗ ಕರೆಯುವ ಆಸೆಗೆ ರೆಗ್ಯುಲೇಟರ್ ತಿರುಗಿಸಲು ಯಾರಿಗೂ ಬಿಡಬೇಡಿ.

ಎರಡನೆಯದು, ಯಂತ್ರ ಓಡುವಾಗ ತೊಳೆದ ಹೆಬ್ಬೆರಳನ್ನು ಲೈನರ್ ಒಳಗಿಟ್ಟು ಎಣಿಸಿ. ನಿಮಿಷಕ್ಕೆ ಸುಮಾರು 60 ಸಲ ಅದು ಹಿಡಿದು ಬಿಡಬೇಕು. ಹಿಡಿದು ಬಿಡದೆ ಬರೀ ಎಳೆಯುತ್ತಿದ್ದರೆ ಪಲ್ಸೇಟರ್ ಕೆಟ್ಟಿದೆ. ಆ ದಿನ ಕೈಯಲ್ಲೇ ಕರೆಯಿರಿ.

ಮೂರನೆಯದು, ನಾಲ್ಕು ಕೊಳವೆ ಸೇರುವ ಬಟ್ಟಲಿನ ಸಣ್ಣ ಗಾಳಿ ತೂತು. ಅದು ಕಟ್ಟಿದರೆ ಹಾಲು ಮುಂದೆ ಹೋಗದೆ ತೊಟ್ಟಿನ ಬುಡದಲ್ಲೇ ನಿಲ್ಲುತ್ತದೆ. ತೊಳೆಯುವಾಗ ಅದನ್ನೂ ನೋಡಿ.

ನಾಲ್ಕನೆಯದು ಲೈನರ್. ರಬ್ಬರಿನದಾದರೆ ಸುಮಾರು 2500 ಸಲ ಕರೆದ ಮೇಲೆ ಅಥವಾ ಆರು ತಿಂಗಳಿಗೆ, ಯಾವುದು ಮೊದಲೋ ಆಗ ಬದಲಿಸಬೇಕು. ನಾಲ್ಕು ಹಸುವಿದ್ದರೆ ದಿನಕ್ಕೆ 8 ಸಲವಾಯಿತು, ಆರು ತಿಂಗಳ ಲೆಕ್ಕ ಹಿಡಿಯಿರಿ. ಹತ್ತು ಹಸುವಿದ್ದರೆ ದಿನಕ್ಕೆ 20, ನಾಲ್ಕು ತಿಂಗಳಿಗೇ 2400 ದಾಟುತ್ತದೆ.

ಕೊನೆಯ ಸಾಕ್ಷಿ ಹಸುವೇ. ಕಪ್ಪು ತೆಗೆದ ಕೂಡಲೇ ತೊಟ್ಟು ನೀಲಿಗಟ್ಟಿದೆಯೇ, ತುದಿಯಲ್ಲಿ ಗಟ್ಟಿ ಉಂಗುರ ಎದ್ದಿದೆಯೇ, ಯಂತ್ರ ಕಂಡೊಡನೆ ಹಸು ಒದೆಯುತ್ತದೆಯೇ? ಹಾಗಿದ್ದರೆ ಸೆಳೆತ ಹೆಚ್ಚಾಗಿರಬಹುದು, ಪಲ್ಸೇಟರ್ ಸೋತಿರಬಹುದು, ಇಲ್ಲವೇ ಹಾಲು ಮುಗಿದ ಮೇಲೂ ಕಪ್ಪು ಬಿಟ್ಟಿರಬಹುದು. ಸೆಳೆತ ನಿಲ್ಲಿಸದೆ ಕಪ್ಪನ್ನು ಎಳೆಯಬೇಡಿ. ಆಗ ಗಾಳಿ ನುಗ್ಗಿ ಹಾಲಿನ ಹನಿಗಳು ರೋಗಾಣು ಸಮೇತ ತೊಟ್ಟಿಗೆ ಹಿಂದಿರುಗಿ ಬಡಿಯುತ್ತವೆ.

ಒಂದು ಎಚ್ಚರಿಕೆ. ಬೆಲ್ಟು, ಎಣ್ಣೆ ಮುಟ್ಟುವ ಮೊದಲು ಪ್ಲಗ್ ಕಿತ್ತಿಡಿ. ಬೆಲ್ಟಿಗೆ ಜಾಲರಿ ಇಲ್ಲದ ಯಂತ್ರದ ಹತ್ತಿರ ಸೆರಗು, ಜಡೆ ಜೋಪಾನ. ಮೋಟಾರಿನ ಒಳಗಿನ ಕೆಲಸ ಮೆಕ್ಯಾನಿಕ್‌ದೇ ಇರಲಿ.

ಪಶುವೈದ್ಯರಿಗೆ ಮೆಕ್ಯಾನಿಕ್ ಕೆಲಸವೇಕೆ ಎಂದು ಕೇಳಬಹುದು. ಕೆಚ್ಚಲು ಬಾವಿಗೆ ಔಷಧಿ ಕೊಟ್ಟರೆ ಅವಧಿ ಮುಗಿಯುವ ತನಕ ಆ ಹಾಲನ್ನು ಸಂಘಕ್ಕೆ ಹಾಕುವ ಹಾಗಿಲ್ಲ. ಬಾವು ಬಂದು ಹೋದ ಹಸುವಿನ ಹಾಲು ಮೊದಲಿನಷ್ಟೇ ಬರುತ್ತದೆಂಬ ಭರವಸೆಯಿಲ್ಲ. ಒಂದು ತೊಟ್ಟು ಬತ್ತಿದರೆ ನಷ್ಟ ಕಾಣುವುದು ನಿಮ್ಮ ಬಟವಾಡೆಯಲ್ಲಿ. ಕಾರಣ ಯಂತ್ರದಲ್ಲಿದ್ದರೆ ನನ್ನ ಔಷಧಿ ಎಷ್ಟು ಸುರಿದರೂ ವ್ಯರ್ಥ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಸಂಘದ ಸದಸ್ಯತ್ವ ನಿಮ್ಮ ಹೆಸರಿನಲ್ಲಿ, ಕೊಟ್ಟಿಗೆಯ ದುಡಿಮೆ ನಿಮ್ಮದು. ಆದರೆ ಯಂತ್ರ ಜೋಡಿಸಲು ಬಂದವರು ವಿವರಿಸುವುದು ಜಗಲಿಯಲ್ಲಿ ಕೂತ ಗಂಡಸರಿಗೆ. ಇದು ನಿಲ್ಲಬೇಕು. ನಿಮ್ಮ ಕೈಯಿಂದ ಯಂತ್ರವನ್ನು ಬಿಚ್ಚಿಸಿ ಮತ್ತೆ ಜೋಡಿಸಿ ತೋರಿಸುವ ತನಕ ಯಂತ್ರ ಬಂದ ಕಾಗದಕ್ಕೆ ಸಹಿ ಹಾಕಬೇಡಿ. ಒಕ್ಕೂಟವೂ ಸಂಘದಲ್ಲೇ ಲೈನರ್ ಸಿಗುವ ಹಾಗೆ ಮಾಡಿ, ಹಣವನ್ನು ಬಟವಾಡೆಯಲ್ಲಿ ಮುರಿದುಕೊಳ್ಳಲಿ. ಒಂದು ಲೈನರಿಗಾಗಿ ಹೊನ್ನಾಳಿಗೋ ದಾವಣಗೆರೆಗೋ ಬಸ್ ಹತ್ತುವಂತಾಗಬಾರದು. ಸಂಘಕ್ಕೊಬ್ಬ ಮಹಿಳೆಗೆ ಯಂತ್ರದ ತರಬೇತಿ ಕೊಡಲಿ. ಮುಂದಿನ ವಾರ್ಷಿಕ ಸಭೆಯಲ್ಲಿ ಈ ಮಾತು ನಿಮ್ಮ ಬಾಯಿಂದಲೇ ಬರಲಿ.

ಇನ್ನು ಮೇಲೆ ಕೆಚ್ಚಲು ಬಾವು ಎಂದು ಕರೆದರೆ ನಾನು ಹಸುವಿನ ಜೊತೆ ಯಂತ್ರವನ್ನೂ ನೋಡುತ್ತೇನೆ. ನೋಡದೆ ಹೊರಟರೆ ಬೈಕಿಗೆ ಅಡ್ಡ ನಿಂತು ಕೇಳಿ. ಸದ್ದು ಬದಲಾಗಿದೆ ಎಂದು ನಿಮಗೆ ಅನಿಸಿದರೆ, ಬದಲಾಗಿದೆ ಎಂದೇ ಅರ್ಥ.

ಪಶುವೈದ್ಯಾಧಿಕಾರಿ