ಕೋರ್ಟಿಗೆ ಹೋಗೋ ಮೊದಲು ಪೇಪರ್ ನೋಡೋಣ

ಮೂರನೇ ಸೆಮ್ ರಿಸಲ್ಟ್ ಬಂದ ರಾತ್ರಿ ನನ್ನ ರೂಮ್‌ಮೇಟ್ ಮೆಸ್ಸಿಗೆ ಊಟಕ್ಕೆ ಬರಲಿಲ್ಲ. ಮ್ಯಾಥ್ಸ್‌ನಲ್ಲಿ 33. ಪಾಸಾಗೋಕೆ 35 ಬೇಕು. ಏನಿಲ್ಲ ಅಂದ್ರೂ ಐವತ್ತು ಬರುತ್ತೆ ಅಂದ್ಕೊಂಡಿದ್ದವನು. "ಕೋರ್ಟಿಗೆ ಹೋಗ್ತೀನಿ ಮಗಾ, ಬಿಡಲ್ಲ" ಅಂದ. ಪಕ್ಕದ ರೂಮಿನವರೆಲ್ಲ ಬಂದು "ಹಾಕು ಗುರು ಕೇಸು" ಅಂತ ಹುರಿದುಂಬಿಸಿದರು. ಕೇಸು ಎಲ್ಲಿ ಹಾಕೋದು, ಹಾಕಿದ್ರೆ ಏನಾಗುತ್ತೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆಮೇಲೆ ಒಂದೆರಡು ವಾರ ಕೂತು ಇಂಥ ಕೇಸುಗಳ ಬಗ್ಗೆ ಓದಿದೆ. (ಓದಬೇಕಿದ್ದದ್ದು ಬೇರೆ ಸಬ್ಜೆಕ್ಟು, ಇರಲಿ.) ಓದಿದ ಮೇಲೆ ಅನ್ನಿಸಿದ್ದು, ನಾವು ಜಗಳ ಆಡ್ತಿರೋ ಜಾಗ ತಪ್ಪು. ಮಾರ್ಕ್ಸಿಗಿಂತ ಮೊದಲು ಪೇಪರ್ ತೋರಿಸಿ ಅಂತ ಜಗಳ ಆಡಬೇಕು.

ಯಾಕಂದ್ರೆ ನಮ್ಮ ಉತ್ತರಕ್ಕೆ ಎಷ್ಟು ಮಾರ್ಕ್ಸ್ ಬರಬೇಕು ಅಂತ ಜಡ್ಜ್ ಹೇಳೋದಿಲ್ಲ. ರೀವ್ಯಾಲ್ಯೂಯೇಷನ್ ಇಲ್ಲ, ಉತ್ತರ ಪತ್ರಿಕೆ ತೋರಿಸೋದೂ ಇಲ್ಲ ಅಂತ ಮಹಾರಾಷ್ಟ್ರದ ಪರೀಕ್ಷಾ ಮಂಡಳಿ ಒಂದು ನಿಯಮ ಮಾಡಿತ್ತು. ಬಾಂಬೆ ಹೈಕೋರ್ಟ್ ಅದನ್ನ ರದ್ದು ಮಾಡಿತು. 1984ರಲ್ಲಿ ಸುಪ್ರೀಂ ಕೋರ್ಟ್ ನಿಯಮ ಸರಿಯಾಗೇ ಇದೆ ಅಂದಿತು. ಶಿಕ್ಷಣದ ವಿಷಯದಲ್ಲಿ ತಜ್ಞರ ತೀರ್ಮಾನದ ಜಾಗದಲ್ಲಿ ನಾವು ನಮ್ಮ ತೀರ್ಮಾನ ತಂದು ಕೂರಿಸಬಾರದು ಅನ್ನೋದು ಅವರ ವಾದ.

ಇದಕ್ಕಿಂತ ಮಜಾ ಇರೋದು ಹಿಮಾಚಲ ಪ್ರದೇಶದ ಕೇಸು. ಅದು ಸಿವಿಲ್ ಜಡ್ಜ್ ಹುದ್ದೆಯ ಪರೀಕ್ಷೆ, ಕಾನೂನಿನ ಪೇಪರ್. ಹೈಕೋರ್ಟೇ ಪ್ರಶ್ನೆ, ಉತ್ತರ ಎಲ್ಲ ತರಿಸಿ ನೋಡಿ ಅಭ್ಯರ್ಥಿ ಪರವಾಗಿ ಹೇಳಿತು. 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ತಳ್ಳಿಹಾಕಿತು: ಅದು ನಿಮ್ಮ ಕೆಲಸ ಅಲ್ಲ. ಕಾನೂನಿನ ಪೇಪರನ್ನೇ ಜಡ್ಜುಗಳು ವ್ಯಾಲ್ಯೂಯೇಷನ್ ಮಾಡೋ ಹಾಗಿಲ್ಲ ಅಂದ್ಮೇಲೆ ನಮ್ಮ ಫೋರಿಯರ್ ಸೀರೀಸ್ ಯಾರು ನೋಡ್ತಾರೆ ಹೇಳಿ!

ನನಗೆ ಸಿಟ್ಟು ಬಂದಿದ್ದು ಇನ್ನೊಂದು ತೀರ್ಪಿನ ಮೇಲೆ. ಉತ್ತರ ಪ್ರದೇಶದಲ್ಲಿ 2009ರಲ್ಲಿ ಅರ್ಜಿ ಕರೆದ ಶಿಕ್ಷಕರ ನೇಮಕಾತಿ ಪರೀಕ್ಷೆಯದು. ಕೀ ಆನ್ಸರ್ ಜಗಳ ಮುಗಿದಿದ್ದು 2017ರ ಡಿಸೆಂಬರಿನಲ್ಲಿ. ಕೀ ಆನ್ಸರ್ ಸರಿ ಇದೆ ಅಂತಲೇ ಕೋರ್ಟ್ ಭಾವಿಸಬೇಕು, ಅನುಮಾನ ಇದ್ರೆ ಅದರ ಲಾಭ ಪರೀಕ್ಷೆ ನಡೆಸಿದವರಿಗೆ, ಅಭ್ಯರ್ಥಿಗಲ್ಲ ಅಂದುಬಿಟ್ಟರು. ಮೊದಲು ಓದಿದಾಗ ಇದೆಂಥಾ ನ್ಯಾಯ ಅನ್ನಿಸಿತು. ಆಮೇಲೆ ಯೋಚನೆ ಮಾಡಿದೆ. ಎಂಟು ವರ್ಷ! ಕೇಸು ಹಾಕಿದವರ ಕತೆ ಬಿಡಿ, ಪಾಸಾದವರೂ ಅಷ್ಟು ದಿನ ಅತಂತ್ರವಾಗಿ ಕೂತಿದ್ದರು. ಎಲ್ಲರ ಮಾರ್ಕ್ಸೂ ಕೋರ್ಟಲ್ಲೇ ತೀರ್ಮಾನ ಆಗೋ ಹಾಗಾದ್ರೆ ನಮ್ಮ ಡಿಗ್ರಿ ಮೊಮ್ಮಕ್ಕಳ ಕೈಗೆ ಸಿಗುತ್ತೆ.

ಹಾಗಂತ ಕೋರ್ಟ್ ಯಾವತ್ತೂ ಕೈ ಹಾಕಲ್ಲ ಅಂತಲ್ಲ. ತಪ್ಪು ಎದ್ದು ಕಾಣೋ ಹಾಗಿದ್ರೆ ಹಾಕುತ್ತೆ. 2024ರ ನೀಟ್ ನೆನಪಿರಬೇಕು. ಪರಮಾಣುವಿನ ಬಗ್ಗೆ ಇದ್ದ ಒಂದು ಫಿಸಿಕ್ಸ್ ಪ್ರಶ್ನೆಗೆ ಎರಡು ಉತ್ತರಕ್ಕೂ ಮಾರ್ಕ್ಸ್ ಕೊಟ್ಟಿದ್ದರು, ಹಳೇ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಹಾಗಿತ್ತು ಅಂತ. ಸುಪ್ರೀಂ ಕೋರ್ಟ್ ಅಲ್ಲೂ ತಾನೇ ಉತ್ತರ ಹೇಳಲಿಲ್ಲ. ಐಐಟಿ ದೆಹಲಿಯ ಮೂವರು ತಜ್ಞರನ್ನು ಕೇಳಿತು. ಅವರು ಸರಿ ಉತ್ತರ ಒಂದೇ ಅಂದರು. ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ತಲಾ 5 ಮಾರ್ಕ್ಸ್ ಹೋಯಿತು, 720ಕ್ಕೆ 720 ತೆಗೆದವರು 61 ಇದ್ದದ್ದು 17 ಆದರು. ಆದ್ರೆ ಇಲ್ಲಿ ಒಂದು ವಿಷಯ ಗಮನಿಸಿ. ಅಲ್ಲಿ ಪ್ರಶ್ನೆ, ಕೀ ಆನ್ಸರ್, ಓಎಂಆರ್ ಎಲ್ಲ ಹುಡುಗರ ಕೈಯಲ್ಲಿತ್ತು. ತಪ್ಪು ಯಾವುದು ಅಂತ ಬೆರಳಿಟ್ಟು ತೋರಿಸೋಕಾಯಿತು. ನಮ್ಮ ಸೆಮ್ ಪರೀಕ್ಷೆಯಲ್ಲಿ ಸಿಗೋದು ಬರೀ ಒಂದು ನಂಬರ್. 33 ಅಂದ್ರೆ 33. ಯಾವುದರ ಮೇಲೆ ಬೆರಳಿಡೋದು?

ಇದಕ್ಕೆ ಉತ್ತರ 2011ರ ಸಿಬಿಎಸ್‌ಇ ಕೇಸಿನಲ್ಲಿದೆ. ವ್ಯಾಲ್ಯೂಯೇಷನ್ ಆದ ಉತ್ತರ ಪತ್ರಿಕೆ ಕೂಡ ಮಾಹಿತಿ ಹಕ್ಕು ಕಾಯ್ದೆಯಲ್ಲಿ 'ಮಾಹಿತಿ'ನೇ, ಬರೆದವನಿಗೆ ಅದನ್ನ ನೋಡೋ, ಪ್ರತಿ ತಗೊಳ್ಳೋ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ವ್ಯಾಲ್ಯೂಯೇಟರ್ ಹೆಸರು ಕೊಡಲ್ಲ, ಅದು ಸರಿನೇ. ನಮ್ಮ ಕಾಲೇಜು ಖಾಸಗಿ ಆದ್ರೂ ಸೆಮ್ ಪರೀಕ್ಷೆ ನಡೆಸೋದು ಸರ್ಕಾರಿ ಯೂನಿವರ್ಸಿಟಿ, ಹಾಗಾಗಿ ಈ ಕಾಯ್ದೆ ಅದಕ್ಕೂ ಅನ್ವಯಿಸುತ್ತೆ. ಅರ್ಜಿಗೆ 30 ದಿನದೊಳಗೆ ಉತ್ತರ ಕೊಡಬೇಕು. ಒಂದೇ ಷರತ್ತು, ಪತ್ರಿಕೆಗಳನ್ನ ಇಟ್ಟುಕೊಳ್ಳೋಕೆ ನಿಗದಿಯಾದ ಅವಧಿಯೊಳಗೇ ಕೇಳಬೇಕು. ಆಮೇಲೆ ಕೇಳಿದ್ರೆ ಅವು ಇರೋದೇ ಇಲ್ಲ.

ರೂಮ್‌ಮೇಟ್ ಕೊನೆಗೆ ಫೋಟೋಕಾಪಿಗೆ ಹಾಕಿದ. ಬಂತು. ಪುಟ ತಿರುಗಿಸಿ ನೋಡಿದ್ರೆ ಒಂದಿಡೀ ಉತ್ತರದ ಮೇಲೆ ಕೆಂಪು ಗುರುತೇ ಇಲ್ಲ. ಸೊನ್ನೆ ಕೊಟ್ಟಿರಲಿಲ್ಲ, ಆ ಪುಟವನ್ನೇ ನೋಡಿರಲಿಲ್ಲ. ರೀವ್ಯಾಲ್‌ನಲ್ಲಿ ಪಾಸಾದ. ಆದ್ರೆ ಆ ರಿಸಲ್ಟ್ ಬರೋ ಹೊತ್ತಿಗೆ ಅವನು ಬ್ಯಾಕ್ ಪೇಪರ್ ಫೀಸ್ ಕಟ್ಟಿ, ಮತ್ತೆ ಓದಿ, ಮತ್ತೆ ಬರೆದಾಗಿತ್ತು. ಮನೇಲಿ ಅಪ್ಪ ಎರಡು ತಿಂಗಳು ಸರಿಯಾಗಿ ಮಾತಾಡಿರಲಿಲ್ಲ. ಅದಕ್ಕೆ ಯಾರೂ ರೀವ್ಯಾಲ್ಯೂಯೇಷನ್ ಮಾಡಲ್ಲ.

ಲೆಕ್ಚರರ್‌ಗಳನ್ನ ಬೈಯೋದು ನನ್ನ ಉದ್ದೇಶ ಅಲ್ಲ. ದಿನಕ್ಕೆ ಅಷ್ಟೊಂದು ಪೇಪರ್ ನೋಡುವಾಗ ಒಂದು ಪುಟ ತಪ್ಪಿಹೋಗೋದು ಸಹಜ. ಆದ್ರೆ ಆ ತಪ್ಪು ಹಿಡಿಯೋಕೆ ನಾವು ಫೀಸ್ ಕಟ್ಟಿ ತಿಂಗಳುಗಟ್ಟಲೆ ಕಾಯಬೇಕಾ? ಇಂಟರ್ನಲ್ಸ್‌ನಲ್ಲಿ ಬ್ಲೂಬುಕ್ ಕ್ಲಾಸಲ್ಲೇ ಕೊಡ್ತಾರೆ, "ಸರ್, ಇಲ್ಲಿ ಟೋಟಲ್ ತಪ್ಪಿದೆ" ಅಂದ್ರೆ ಐದು ನಿಮಿಷದಲ್ಲಿ ಸರಿ ಆಗುತ್ತೆ. ಸೆಮ್ ಪೇಪರನ್ನೂ ಸ್ಕ್ಯಾನ್ ಮಾಡಿ, ವ್ಯಾಲ್ಯೂಯೇಷನ್ ಸ್ಕೀಮ್ ಜೊತೆ, ರಿಸಲ್ಟ್ ಬಂದ ದಿನವೇ ನಮ್ಮ ಲಾಗಿನ್‌ಗೆ ಹಾಕಲಿ. ಕೋರ್ಟುಗಳು ಪರೀಕ್ಷೆ ನಡೆಸೋರನ್ನ ಇಷ್ಟು ನಂಬ್ತಾವೆ ಅಂದ್ಮೇಲೆ ಅವರು ನಮಗೆ ಕನಿಷ್ಠ ಇಷ್ಟಾದ್ರೂ ತೋರಿಸಬೇಕು.

ಅಲ್ಲಿವರೆಗೆ, ಈ ಸಲ ರಿಸಲ್ಟ್ ಬಂದಾಗ ಯಾರಿಗಾದ್ರೂ ಅನುಮಾನ ಇದ್ರೆ ಮೊದಲು ಫೋಟೋಕಾಪಿಗೆ ಹಾಕಿ, ಕೊನೇ ದಿನಾಂಕ ನೋಡ್ಕೊಳ್ಳಿ. ಆರ್‌ಟಿಐ ಅರ್ಜಿ ಬರೆಯೋಕೆ ಗೊತ್ತಾಗದಿದ್ರೆ ಕನ್ನಡ ಸಂಘದ ರೂಮಿಗೆ ಬನ್ನಿ. ಕನ್ನಡದಲ್ಲೇ ಬರೆಯಬಹುದು, ನನ್ನ ಕಾಗುಣಿತ ಸ್ವಲ್ಪ ತಿದ್ದಬೇಕಾಗುತ್ತೆ ಅಷ್ಟೇ.