ಮತಲಕ್ಷಣವೂ ಪರ್ಯಾಯದ ಸಾಲವೂ

ಲಕ್ಷಣವನ್ನು ಹೇಳಹೊರಟವನು ಅವ್ಯಾಪ್ತಿ, ಅತಿವ್ಯಾಪ್ತಿಗಳೆಂಬ ದೋಷಗಳಿಂದ ಪಾರಾಗಬೇಕೆಂದು ನಮ್ಮ ತಾರ್ಕಿಕರು ವಿಧಿಸಿದ್ದಾರೆ: ಕಪಿಲವರ್ಣವೇ ಗೋವಿನ ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿಯುವುದು, ಕೊಂಬುಳ್ಳದ್ದೆಲ್ಲ ಗೋವೆಂದರೆ ಎಮ್ಮೆಯೂ ಒಳನುಗ್ಗುವುದು. ಮತವೆಂದರೇನೆಂಬ ಪ್ರಶ್ನೆಗೆ ಪಾಶ್ಚಾತ್ಯ ವಿದ್ವಾಂಸರು ಕೊಟ್ಟ ಉತ್ತರಗಳನ್ನು ಓದುವಾಗ ಈ ಹಳೆಯ ಪಾಠ ನೆನಪಾಗದಿರದು. ಲ್ಯೂಬಾ ಎಂಬ ಮನಶ್ಶಾಸ್ತ್ರಜ್ಞನು 1912ರಲ್ಲಿಯೇ ಅಂತಹ 48 ಲಕ್ಷಣಗಳನ್ನು ಕಲೆಹಾಕಿದ್ದನು.

ಚೇತನಸ್ವರೂಪಿಗಳಾದ ಅಗೋಚರ ಶಕ್ತಿಗಳಲ್ಲಿಡುವ ನಂಬಿಕೆಯೇ ಮತದ ಕನಿಷ್ಠ ಲಕ್ಷಣವೆಂದು 1871ರಲ್ಲಿ ಟೈಲರನು ಸಾರಿದಾಗ, ಕಾಡುಜನರ ಭೂತಾರಾಧನೆಯೂ ಚರ್ಚಿನ ಪ್ರಾರ್ಥನೆಯೂ ಒಂದೇ ಪಂಕ್ತಿಯಲ್ಲಿ ಕುಳಿತವು. ಅಂದಿನ ಇಂಗ್ಲೆಂಡಿನಲ್ಲಿ ಅದೇನು ಸಾಮಾನ್ಯ ಧೈರ್ಯವಲ್ಲ. ಆದರೆ ಮುಕ್ತಿಗಾಗಿ ಯಾವ ದೇವತೆಯ ಮೊರೆಯನ್ನೂ ಹೋಗದ ಬೌದ್ಧನನ್ನು ಎಲ್ಲಿ ಕೂರಿಸುವುದು? ಈ ಆಕ್ಷೇಪವನ್ನೆತ್ತಿದ ಫ್ರಾನ್ಸಿನ ಡರ್ಖೈಮನು, ಪವಿತ್ರವೆಂದು ಪ್ರತ್ಯೇಕಿಸಲ್ಪಟ್ಟ ವಸ್ತುಗಳ ಕುರಿತಾದ ನಂಬಿಕೆ ಮತ್ತು ಆಚರಣೆಗಳು ಜನರನ್ನು ಒಂದು ನೈತಿಕ ಸಮುದಾಯವಾಗಿ ಬೆಸೆಯುವಲ್ಲಿ ಮತವುಂಟೆಂದು, ತಾನೆಂದೂ ಕಾಲಿಡದ ಆಸ್ಟ್ರೇಲಿಯದ ಆದಿವಾಸಿಗಳ ವೃತ್ತಾಂತವನ್ನು ಆಧಾರವಾಗಿಟ್ಟುಕೊಂಡು ಪ್ರತಿಪಾದಿಸಿದನು. ಬೌದ್ಧನಿಗೆ ಪ್ರವೇಶ ದೊರೆಯಿತು; ರಾಷ್ಟ್ರಧ್ವಜಕ್ಕೆ ಕೈಮುಗಿಯುವವನೂ ಅವನ ಬೆನ್ನಿಗೇ ಬಂದನು.

ವಿದ್ವಾಂಸನ ಲಕ್ಷಣ ಸೋತರೆ ಇನ್ನೊಂದು ಗ್ರಂಥ ಹುಟ್ಟೀತು. ನ್ಯಾಯಾಧೀಶನಿಗೆ ಆ ಅನುಕೂಲವಿಲ್ಲ. ಉಡುಪಿಯ ಶ್ರೀಕೃಷ್ಣನ ಪೂಜಾಧಿಕಾರವು ಎರಡು ವರ್ಷಗಳಿಗೊಮ್ಮೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಸಾಗುವುದೂ, ಆ ಅವಧಿಯ ವೆಚ್ಚದ ಹೊರೆ ಪರ್ಯಾಯದ ಸ್ವಾಮಿಗಳ ಮೇಲೆ ಬೀಳುವುದೂ ಎಲ್ಲರೂ ಬಲ್ಲ ಸಂಗತಿ. 1946ರ ಪರ್ಯಾಯದಲ್ಲಿ, ಪದಾರ್ಥಗಳ ಅಭಾವ ಮತ್ತು ದುಬಾರಿಯ ನಡುವೆ, ಶಿರೂರು ಮಠದ ಸಾಲ ಲಕ್ಷ ರೂಪಾಯಿಯ ಹತ್ತಿರಕ್ಕೇರಿತು; ದಕ್ಷಿಣ ಕನ್ನಡವು ಆಗ ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಅಲ್ಲಿಯ ಧರ್ಮಾದಾಯ ಮಂಡಲಿಯು ಮಠದ ಆಡಳಿತದಲ್ಲಿ ಕೈಯಿಟ್ಟಿತು; ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1954ರಲ್ಲಿ ತೀರ್ಮಾನವಾಯಿತು. ಸೃಷ್ಟಿಕರ್ತನೊಡನೆ ಮನುಷ್ಯನಿಗಿರುವ ಸಂಬಂಧವೇ ಮತವೆಂದಿದ್ದ ಅಮೆರಿಕದ ಹಳೆಯ ತೀರ್ಪೊಂದನ್ನು ಪರಿಶೀಲಿಸಿದ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು, ಬೌದ್ಧ ಜೈನರಿರುವ ದೇಶದಲ್ಲಿ ಅದು ಸಾಲದೆಂದೂ, ಮತವು ಸಿದ್ಧಾಂತದಲ್ಲಿಯೇ ಮುಗಿಯದೆ ಪೂಜಾವಿಧಿ, ಆಹಾರ, ಉಡುಪುಗಳವರೆಗೂ ವ್ಯಾಪಿಸಬಹುದೆಂದೂ ಬರೆದರು. ದೇವರಿಗೆ ಇಂಥ ಹೊತ್ತಿಗೆ ನೈವೇದ್ಯವಾಗಬೇಕೆಂದು ಸಂಪ್ರದಾಯವು ವಿಧಿಸಿದ್ದರೆ, ಹಣ ಖರ್ಚಾಗುತ್ತದೆಂಬ ಮಾತ್ರಕ್ಕೆ ಅದು ಲೌಕಿಕ ವ್ಯವಹಾರವಾಗದು. ಆದರೆ ಖರ್ಚಿನ ಪ್ರಮಾಣವು ಆಸ್ತಿಯ ಆಡಳಿತಕ್ಕೆ ಸೇರಿದುದರಿಂದ ಕಾನೂನಿನ ಹಿಡಿತಕ್ಕೆ ಒಳಪಟ್ಟೀತು. ಮತಕ್ಕೆ ಬಿಗಿಯಾದ ಲಕ್ಷಣವನ್ನು ಕಟ್ಟಲೊಪ್ಪದೆ, ನೈವೇದ್ಯದ ವೇಳೆಯನ್ನೂ ಅಕ್ಕಿಯ ಲೆಕ್ಕವನ್ನೂ ಹೀಗೆ ಬೇರ್ಪಡಿಸಿದ ವಿವೇಕವು ನಮಗೆ ಟೈಲರ್ ಡರ್ಖೈಮರ ಸೂತ್ರಗಳಿಗಿಂತ ಹೆಚ್ಚು ಮೆಚ್ಚಿಗೆಯಾಗಿದೆ.

ಆದರೂ ಆ ತೀರ್ಪಿನಲ್ಲಿ ಒಂದು ಸಂದು ಉಳಿಯಿತು. ಮತದ ಅವಶ್ಯಾಂಗ ಯಾವುದೆಂಬುದನ್ನು ಆಯಾ ಮತದ ಸಿದ್ಧಾಂತಗಳಿಂದಲೇ ತಿಳಿಯಬೇಕೆಂದು ಅದು ಹೇಳಿತಾದರೂ, ತಿಳಿದು ನಿರ್ಣಯಿಸುವವರು ನ್ಯಾಯಾಧೀಶರೇ ತಾನೆ? 1961ರ ಅಜ್ಮೀರ ದರ್ಗಾದ ಪ್ರಕರಣದ ವೇಳೆಗೆ, ಮೂಢನಂಬಿಕೆಯಿಂದ ಹುಟ್ಟಿ ಮತಕ್ಕೆ ಅಂಟಿಕೊಂಡ ಆಚರಣೆಗಳಿಗೆ ಸಂವಿಧಾನದ ರಕ್ಷಣೆ ಸಲ್ಲಲಾರದೆಂಬ ಮಾತೂ ಪೀಠದಿಂದ ಬಂದಿತು. ಮೌಢ್ಯವನ್ನು ಖಂಡಿಸುವ ಹೊಣೆ ಸುಧಾರಕರದು, ಶಾಸನಸಭೆಯದು. ಯಾವ ಆಚರಣೆ ನಿಜವಾದ ಮತ, ಯಾವುದು ಅಲ್ಲ ಎಂದು ತೂಗುವ ಮಠಾಧಿಪತ್ಯವು ನ್ಯಾಯಪೀಠಕ್ಕೆ ಭೂಷಣವಲ್ಲವೆಂದು ನಮ್ಮ ಅಭಿಪ್ರಾಯ. ಈ ಸಂಚಿಕೆಯ ಲೇಖಕರಲ್ಲಿ ಇಬ್ಬರು ಇದನ್ನು ಒಪ್ಪುವುದಿಲ್ಲ. ಅವರ ಲೇಖನಗಳನ್ನೇ ಮೊದಲಿಗೆ ಅಚ್ಚುಮಾಡಿದ್ದೇವೆ.